ಥೆರಪಿಸ್ಟ್ ಸಿಡ್ನಿಯಲ್ಲಿ, ಹುಡುಗನ ಪಕ್ಕ ನಾನು

ಕಳಸದಿಂದ ಡಬ್ಬೋಗೆ ಬಂದು ನಾಲ್ಕು ವರ್ಷವಾಯಿತು. ಸಿಡ್ನಿಯಿಂದ ಸುಮಾರು 400 ಕಿಲೋಮೀಟರ್ ಒಳಗಿರುವ, ಕುರಿ ಮತ್ತು ಗೋಧಿ ಹೊಲಗಳ ಊರು ಇದು. ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್‌ಗೆ ಸಹಾಯಕಿಯಾಗಿದ್ದೇನೆ. ವಾರಕ್ಕೊಮ್ಮೆ ಅರ್ಧ ಗಂಟೆ, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ಆರು ವರ್ಷದ ಹುಡುಗನ ಪಕ್ಕ ಕೂರುತ್ತೇನೆ. ಅವನ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಬರೆಯೋದು, ಬಟ್ಟೆ ಹಾಕಿಕೊಳ್ಳೋದು ಇಂಥ ದಿನದ ಕೆಲಸಗಳನ್ನು ಮಾಡಲು ನೆರವಾಗುವ ತಜ್ಞರು, ಸಿಡ್ನಿಯಿಂದ ವಿಡಿಯೋದಲ್ಲಿ ಬರುತ್ತಾರೆ.

ಮೊದಲ ದಿನ ನಾನು ಲ್ಯಾಪ್‌ಟಾಪನ್ನು ಅವನ ಮುಖದ ಎದುರಿಗೆ ಇಟ್ಟಿದ್ದೆ. ಅವರು ಪಕ್ಕಕ್ಕೆ ತಿರುಗಿಸಿ ಅಂದರು, ಅವರಿಗೆ ನೋಡಬೇಕಿದ್ದದ್ದು ಕೈ, ಮೇಜು, ಕಾಲು. ನೋಡಿದ ಕೂಡಲೇ ಕೇಳಿದ್ದು, ಪಾದ ಯಾಕೆ ನೆಲ ಮುಟ್ಟುತ್ತಿಲ್ಲ ಅಂತ. ಕಾಲಿಗೆ ಆಸರೆ ಇಲ್ಲದಿದ್ದರೆ ಮೈ ಅಲ್ಲಾಡುತ್ತೆ, ಮೈ ಅಲ್ಲಾಡಿದರೆ ಬೆರಳು ಹಿಡಿತಕ್ಕೆ ಬರಲ್ಲ. ಒಂದು ರಟ್ಟಿನ ಪೆಟ್ಟಿಗೆ ತಂದು ಕಾಲ ಕೆಳಗಿಟ್ಟೆ. ಉದ್ದ ಪೆನ್ಸಿಲ್ ತೆಗೆದು ಬೆರಳುದ್ದದ ತುಂಡು ಕೊಟ್ಟೆವು, ಅಷ್ಟು ಗಿಡ್ಡದ್ದನ್ನು ಮುಷ್ಟಿಯಲ್ಲಿ ಹಿಡಿಯೋದು ಕಷ್ಟ, ಬೆರಳ ತುದಿಗಳೇ ಮುಂದೆ ಬರಬೇಕು.

ಅಂಗಿಯ ಗುಂಡಿ ಹಾಕೋದನ್ನು ಅವರು ಹೇಳಿಕೊಡಲೇ ಇಲ್ಲ. ಏನು ಮಾಡಬೇಕು, ಹೇಗೆ ಮಾಡೋಣ, ಮಾಡು, ಸರಿಯಾಯ್ತಾ ನೋಡು, ಇಷ್ಟೇ ಅವರ ಮಾತು. ಕೆನಡಾದಲ್ಲಿ ಬೆಳೆದ ಕೋ-ಆಪ್ ಅನ್ನುವ ಪದ್ಧತಿ ಇದು. ಮೂರನೇ ವಾರ ಹುಡುಗನೇ ಹೇಳಿದ, "ಮೊದಲು ತೂತು ಹುಡುಕಬೇಕು." ನನಗೆ ಕಣ್ಣು ತುಂಬಿ ಬಂತು.

ಎಲ್ಲವೂ ಪರದೆಯಲ್ಲಿ ಆಗಲ್ಲ. ಚಿತ್ರ ಒಂದು ಕ್ಷಣ ತಡವಾಗಿ ಹೋಗುತ್ತೆ, ಚೆಂಡು ಹಿಡಿಸುವ ಆಟ ಕೆಡುತ್ತೆ. ಒಂಟಿ ಕಾಲಲ್ಲಿ ನಿಲ್ಲಿಸುವಾಗ ಬಿದ್ದರೆ ಹಿಡಿಯೋಕೆ ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ಥೆರಪಿಸ್ಟ್ ಕಣ್ಣು ಅಲ್ಲಿದೆ, ಕೈ ನನ್ನದು. ಈ ದೇಶಕ್ಕೆ ದೂರದ ಮಕ್ಕಳನ್ನು ತಲುಪುವ ಅಭ್ಯಾಸ ಹಳೆಯದು, 1951ರಲ್ಲೇ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೋದಲ್ಲಿ ಪಾಠ ಶುರುವಾಗಿತ್ತು.

ಇದನ್ನೆಲ್ಲ ನೋಡುವಾಗ ಊರಲ್ಲಿರುವ ಅಣ್ಣನ ಮಗಳು ನೆನಪಾಗುತ್ತಾಳೆ. ಎರಡನೇ ಕ್ಲಾಸು, ಅವಳಿಗೂ ಈ ಹುಡುಗನ ಹಾಗೇ ಬೆರಳು ಹಿಡಿತಕ್ಕೆ ಬರಲ್ಲ. ಅವಳ ಕಾಪಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ "ಸೋಮಾರಿ" ಅಂತ ಬರೆದು ಕಳಿಸಿದ್ದರು. ಆ ಮಗು ಸೋಮಾರಿ ಅಲ್ಲ! ಮೈಕೈ ಹೊಂದಾಣಿಕೆಯ ಈ ತೊಂದರೆ ಶಾಲೆಗೆ ಹೋಗುವ ವಯಸ್ಸಿನ 100 ಮಕ್ಕಳಲ್ಲಿ ಐದಾರು ಮಂದಿಗೆ ಇರುತ್ತೆ, ಅಂದರೆ 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು.

ಮಂಗಳೂರಿನಲ್ಲಿ ಒಬ್ಬರು ಥೆರಪಿಸ್ಟ್ ಅವಳನ್ನು ಒಮ್ಮೆ ನೇರವಾಗಿ ನೋಡಿದರು, ಅದು ಬೇಕೇ ಬೇಕು. ಪ್ರತಿ ವಾರ ಕುದುರೆಮುಖದ ದಾರಿಯಲ್ಲಿ ವಾಂತಿ ಮಾಡಿಕೊಂಡು ಹೋಗೋದು ಆಗದ ಮಾತು. ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಹಾಗಾಗಿ ಅತ್ತಿಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸಿಗ್ನಲ್ ಸಿಕ್ಕಾಗ ಕಳಿಸುತ್ತಾರೆ. ಥೆರಪಿಸ್ಟ್ ನೋಡಿ ಉತ್ತರ ಹಾಕುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಟೀಚರ್ ಯಾರು ಅಂತ ಕೇಳಿ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು ಅವರು. ಕಲಿತದ್ದನ್ನೇ ಮಗು ಮರೆಯುತ್ತಿದ್ದರೆ, ಒಂದೇ ಕಡೆಯ ಕೈಕಾಲು ಸೋತಂತಿದ್ದರೆ, ವಿಡಿಯೋ ಬೇಡ, ಸೀದಾ ಡಾಕ್ಟರ್ ಹತ್ತಿರ ಹೋಗಿ.

ಮೊನ್ನೆ ನನಗೂ ಅಣ್ಣನ ಮಗಳ ಒಂದು ವಿಡಿಯೋ ಬಂತು. ಹಾಸನದ ಕಡೆಯ ಅವರೆಕಾಯಿ, ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಸಿಪ್ಪೆ ಬಿಡಿಸುತ್ತಿದ್ದಾಳೆ, ಬೇಳೆ ಚಿಮ್ಮಿದಾಗಲೆಲ್ಲ ನಗು. ನಾಲ್ಕು ಸಲ ನೋಡಿದೆ. ಆಮೇಲೆ ಫೋನ್ ಮಾಡಿ, "ಅತ್ತಿಗೆ, ಮುಂದಿನ ಸಲ ಕಾಲು ಕಾಣೋ ಹಾಗೆ ಹಿಡೀರಿ" ಅಂದೆ.