ಉದ್ದ ಅಗಲ ಗೊತ್ತು, ಆಳ ಎಷ್ಟು?

ಬೆಂಗಳೂರಿನ ಮನೆಗಳಿಗೆ ಲಾನ್, ತೋಟ ಮಾಡಿಕೊಡುವುದು ನನ್ನ ಕೆಲಸ. ಫೋನ್ ಮಾಡುವವರು ಸಾಮಾನ್ಯವಾಗಿ "ಹಿತ್ತಲು ಇಪ್ಪತ್ತಕ್ಕೆ ಹದಿನೈದು ಇದೆ, ಎಷ್ಟಾಗುತ್ತೆ ಸರ್?" ಅಂತ ಕೇಳುತ್ತಾರೆ. ಹುಲ್ಲಿಗಾದರೆ ಆ ಲೆಕ್ಕ ಸಾಕು: 300 ಚದರ ಅಡಿ. ಮಣ್ಣಿಗೆ ಸಾಲದು. ಆಳ ಗೊತ್ತಾಗದೆ ಮಣ್ಣಿನ ಲೆಕ್ಕ ಶುರುವಾಗುವುದೇ ಇಲ್ಲ.

ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ. 300 ಚದರ ಅಡಿಗೆ ಅರ್ಧ ಅಡಿ ಮಣ್ಣು ಅಂದರೆ 150 ಘನ ಅಡಿ. ಅಲ್ಲಿಗೆ ಮುಗಿಯಲಿಲ್ಲ. ಮಳೆ ನೀರು ಮನೆ ಕಡೆ ನಿಲ್ಲಬಾರದು ಅಲ್ವಾ, ಅದಕ್ಕೆ ವಾಟ, ಅಂದರೆ ಇಳಿಜಾರು, ಬೇಕು. ನಾನು ನೂರು ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಕೊಡುತ್ತೇನೆ. 20 ಅಡಿ ಉದ್ದಕ್ಕೆ 2.4 ಇಂಚು ಇಳಿಯಬೇಕು.

ಇದಕ್ಕೆ ಮೇಸ್ತ್ರಿಗಳ ನೀರಿನ ಪೈಪೇ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಒಳಗೆ ಒಂದೂ ಗುಳ್ಳೆ ಇಲ್ಲದಂತೆ ನೋಡಿಕೊಳ್ಳಬೇಕು. ಒಂದು ತುದಿ ಮನೆ ಗೋಡೆಗೆ, ಇನ್ನೊಂದು ಚರಂಡಿ ಕಡೆಯ ಗೂಟಕ್ಕೆ. ಎರಡೂ ಕಡೆ ನೀರು ನಿಂತ ಜಾಗಕ್ಕೆ ಗುರುತು ಹಾಕಿ, ಗೋಡೆಯ ಗುರುತಿನಿಂದ ಗೂಟದ ಗುರುತಿಗಿಂತ 2.4 ಇಂಚು ಕೆಳಕ್ಕೆ ದಾರ ಕಟ್ಟುತ್ತೇವೆ.

ತಳ ಮಟ್ಟವಾಗಿದ್ದರೆ ಈಗ ಚರಂಡಿ ಕಡೆ ಮಣ್ಣು 6 ಇಂಚು, ಮನೆ ಕಡೆ 8.4 ಇಂಚು. ಸರಾಸರಿ 7.2. ಅಂದರೆ 150 ಅಲ್ಲ, 180 ಘನ ಅಡಿ! ವಾಟ ಒಂದೇ 30 ಘನ ಅಡಿ ಮಣ್ಣು ಕೇಳಿತು. ಜೊತೆಗೆ ಸಡಿಲ ಮಣ್ಣು ನೀರು ಬಿದ್ದ ಮೇಲೆ ಕುಸಿಯುತ್ತದೆ. ಅದಕ್ಕೆ ನಾನು ಕಾಲು ಭಾಗ ಹೆಚ್ಚು ಹಿಡಿಯುತ್ತೇನೆ. ಒಟ್ಟು 225.

ಇನ್ನು ಲೋಡ್. "ಒಂದು ಲೋಡ್" ಅಂದರೆ ಎಷ್ಟು ಅನ್ನುವುದು ಟ್ರ್ಯಾಕ್ಟರಿಗೊಂದು ಥರ. ಸುಮ್ನೆ ನಂಬುವ ಬದಲು ಟ್ರೇಲರ್ ಒಳಗೇ ಟೇಪ್ ಹಿಡಿಯಿರಿ. 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ 90 ಘನ ಅಡಿ. ನಮಗೆ ಬೇಕಾದ್ದು ಸರಿಯಾಗಿ ಎರಡೂವರೆ ಲೋಡ್.

ಹಿತ್ತಲಲ್ಲಿ ಆಳ ತಪ್ಪಿದರೆ ಹೋಗುವುದು ದುಡ್ಡು ಮಾತ್ರ. ತಾರಸಿಯಲ್ಲಿ ಹಾಗಲ್ಲ. ಅಲ್ಲಿ ಲಾನ್ ಬೇಕು ಅಂದವರ ಮುಂದೆ ನಾನು ಕೂತು ಲೆಕ್ಕ ಬರೆದು ತೋರಿಸುತ್ತೇನೆ. ನೆನೆದ ಮಣ್ಣು ಘನ ಮೀಟರಿಗೆ ಸುಮಾರು 1,800 ಕೆಜಿ ತೂಗುತ್ತದೆ. ಅರ್ಧ ಅಡಿ ದಪ್ಪ ಹಾಕಿದರೆ ಪ್ರತಿ ಚದರ ಮೀಟರಿಗೆ 270 ಕೆಜಿ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875 ಹೇಳುವ ಲೈವ್ ಲೋಡ್ (ಕಟ್ಟಡದ ಸ್ವಂತ ತೂಕ ಬಿಟ್ಟು ಜನ, ಸಾಮಾನಿನ ಭಾರ) ಚದರ ಮೀಟರಿಗೆ ಸುಮಾರು 150 ಕೆಜಿ. ಹಾಗಾಗಿ ಮನೆ ಕಟ್ಟಿದ ಎಂಜಿನಿಯರ್ ನೋಡಿ ಒಪ್ಪುವ ತನಕ ನಾನು ಮಣ್ಣು ಮೇಲೆ ಹತ್ತಿಸುವುದಿಲ್ಲ. ಬೇಕಿದ್ದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಹಗುರ ಕುಂಡಗಳನ್ನು ಬೀಮ್ ಇರುವ ಗೋಡೆ ಬದಿಯಲ್ಲಿ ಜೋಡಿಸಿಕೊಡುತ್ತೇನೆ.