ಎದೆಯ ಮೇಲೆ ಅಳಗುಳಿಮಣೆ

ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಎದೆ ಉರಿ ಅಂತ ಬಂದ ಅಜ್ಜಿಯೊಬ್ಬರಿಗೆ ಇಸಿಜಿ ತೆಗೆಯಲು ನನ್ನನ್ನು ಕಳಿಸಿದರು. ಪರದೆ ಎಳೆದೆ, ಜೆಲ್ ಹಚ್ಚಿದೆ, ವಿ ಒನ್‌ನಿಂದ ವಿ ಸಿಕ್ಸ್‌ವರೆಗಿನ ಆರು ಲೀಡ್‌ಗಳ ರಬ್ಬರ್ ಬಲ್ಬುಗಳನ್ನು ಒತ್ತಿ ಎದೆಗೆ ಕಚ್ಚಿಸಿದೆ. ಐದು ನಿಮಿಷಕ್ಕೆ ಕಾಗದ ಹೊರಗೆ. ಸುಮ್ನೆ ಹೇಳಬಾರದು, ಸ್ವಲ್ಪ ಬೀಗಿದ್ದೆ.

ಸೀನಿಯರ್ ಸಿಸ್ಟರ್ ಕಾಗದ ನೋಡಿದರು. "ವಿ ಒನ್‌ನಲ್ಲಿ ಪಿ ವೇವ್ ತಲೆಕೆಳಗಾಗಿದೆಯಲ್ಲೇ? ಲೀಡ್ ಎಲ್ಲಿಟ್ಟೆ, ಕುತ್ತಿಗೆಗಾ?"

ಪಿ ವೇವ್ ಅಂದರೆ ಪ್ರತಿ ಬಡಿತದ ಗೆರೆಯಲ್ಲಿ ಮೊದಲು ಬರುವ ಸಣ್ಣ ಅಲೆ. ವಿ ಒನ್, ವಿ ಟೂ ಎರಡನ್ನೂ ಕಣ್ಣಳತೆಯಲ್ಲಿ ಇಟ್ಟಿದ್ದೆ. ತುಂಬಾ ಮೇಲಾಗಿತ್ತು. ವಿ ಫೋರ್‌ಗೆ ಮೊಲೆತೊಟ್ಟನ್ನು ಗುರುತು ಹಿಡಿದಿದ್ದೆ. ಕಾಲೇಜಿನ ಗೊಂಬೆಗೆ ಅದು ಸರಿ. ಎಪ್ಪತ್ತು ದಾಟಿದ, ಐದು ಹೆತ್ತ ಅಜ್ಜಿಯ ಮೈಗೆ ಆ ಲೆಕ್ಕ ಹೊಂದುತ್ತದಾ? ಅದು ತುಂಬಾ ಕೆಳಗಾಗಿತ್ತು.

"ಮಾಂಸ ಜಾರುತ್ತೆ, ಮೂಳೆ ಜಾರಲ್ಲ," ಅಂದ ಸಿಸ್ಟರ್ ನನ್ನ ಬೆರಳನ್ನು ನನ್ನದೇ ಕತ್ತಿನ ಬುಡದ ಗುಳಿಗೆ ಇಟ್ಟು ಕೆಳಗೆ ಜಾರಿಸಿದರು. ಸುಮಾರು 5 ಸೆಂಟಿಮೀಟರ್ ಇಳಿದ ಮೇಲೆ ಎದೆಮೂಳೆಯಲ್ಲಿ ಅಡ್ಡಕ್ಕೆ ಒಂದು ಸಣ್ಣ ದಿಣ್ಣೆ ತಗುಲಿತು. ಪರೀಕ್ಷೆಯಲ್ಲಿ 'ಆಂಗಲ್ ಆಫ್ ಲೂಯಿ' ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಮುಟ್ಟಿ ನೋಡಿದ್ದು ಅವತ್ತೇ! ಎರಡನೇ ಪಕ್ಕೆಲುಬು ಬಂದು ಸೇರುವುದು ಅಲ್ಲಿಗೆ. ಮೊದಲನೆಯದು ಕಾಲರ್ ಮೂಳೆಯ ಅಡಿ ಅಡಗಿರುತ್ತದೆ, ಕೈಗೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಎಣಿಕೆ ಎರಡರಿಂದ ಶುರು.

ಮತ್ತೆ ಅಜ್ಜಿಯ ಹತ್ತಿರ ಹೋದೆ. ದಿಣ್ಣೆ ಸಿಕ್ಕಿತು. ಪಕ್ಕಕ್ಕೆ ಸರಿದು, ಪಕ್ಕೆಲುಬಿನ ಕೆಳಗಿನ ಸಂದು ಎರಡು, ಮುಂದಿನದು ಮೂರು, ನಾಲ್ಕು...

"ಏನವ್ವಾ, ನನ್ನೆದೆ ಮೇಲೆ ಅಳಗುಳಿಮಣೆ ಆಡ್ತಿದೀಯಾ?"

"ನಾಲ್ಕನೇ ಗುಳಿ ಹುಡುಕ್ತಿದೀನಿ ಅಜ್ಜಿ."

"ಕಾಯಿ ಎಷ್ಟು?"

"ಆರು."

ನಾಲ್ಕನೇ ಸಂದಿನಲ್ಲಿ ಎದೆಮೂಳೆಯ ಬಲಕ್ಕೆ ವಿ ಒನ್, ಎಡಕ್ಕೆ ವಿ ಟೂ. ವಿ ಫೋರ್ ಐದನೇ ಸಂದಿಗೆ, ಎಡ ಕಾಲರ್ ಮೂಳೆಯ ನಡುವಿನಿಂದ ನೇರ ಕೆಳಗೆ. "ಸ್ವಲ್ಪ ಎತ್ತಿ ಹಿಡ್ಕೊಳ್ಳಿ ಅಜ್ಜಿ" ಅಂತ ಕೇಳುವಾಗ ನಾಚಿಕೊಂಡಿದ್ದು ನಾನೇ, ಅವರಲ್ಲ. ವಿ ತ್ರೀ, ವಿ ಟೂಗೂ ವಿ ಫೋರ್‌ಗೂ ನಡುವೆ. ಉಳಿದೆರಡು ವಿ ಫೋರ್‌ನ ಮಟ್ಟದಲ್ಲೇ ಕಂಕುಳ ಕಡೆಗೆ.

ಈ ಸಲ ಪಿ ವೇವ್ ನೆಟ್ಟಗೆ ನಿಂತಿತ್ತು. ಸಿಸ್ಟರ್ ಹಳೆಯ ಕಾಗದಕ್ಕೆ ಅಡ್ಡಗೀಟು ಎಳೆದು ಹೊಸದನ್ನು ಡಾಕ್ಟರ ಟೇಬಲ್ಲಿಗೆ ಒಯ್ದರು.

ಅಜ್ಜಿ ಕುಪ್ಪಸದ ಹುಕ್ಕು ಹಾಕಿಕೊಳ್ಳುತ್ತಾ ಹೇಳಿದರು: "ಮುಂದಿನ ಸಲ ಆ ಅಂಟನ್ನ ಒಂಚೂರು ಬೆಚ್ಚಗೆ ಮಾಡ್ಕೊಂಡು ಬಾ ತಾಯಿ. ಎರಡೆರಡು ಸಲ ಬಳಿದೆಯಲ್ಲ, ನಡುಗಿಹೋದೆ."