ಕೊಬ್ಬಿನಿಂದ ಆರ್ಗನಾಯ್ಡ್: ಉಂಡೆ ಕಟ್ಟಿದ ಮಾತ್ರಕ್ಕೆ ಆಗಲಿಲ್ಲ

ಕೊಬ್ಬಿನಲ್ಲಿರುವ ಕಾಂಡಕೋಶಗಳಿಂದ (ಬೇರೆ ಬಗೆಯ ಕೋಶಗಳಾಗಬಲ್ಲ ಕೋಶಗಳು) ಇನ್ಸುಲಿನ್ ಮಾಡುವ ಆರ್ಗನಾಯ್ಡ್, ಅಂದರೆ ಅಂಗದ ಹಾಗೆ ಕೆಲಸ ಮಾಡುವ ಪುಟ್ಟ ಕೋಶಗುಚ್ಛ, ಬೆಳೆಸುವ ಕೆಲಸವಿದು. ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್‌ನಲ್ಲಿ ತೆಗೆದ ಕೊಬ್ಬಿನ ಜೊತೆ ರಕ್ತ, ಒಡೆದ ಕೋಶಗಳ ಎಣ್ಣೆ, ಅರಿವಳಿಕೆಯ ಲಿಡೊಕೇನ್ ಎಲ್ಲವೂ ಲ್ಯಾಬಿಗೆ ಬರುತ್ತವೆ. ಲಿಡೊಕೇನ್ ಕಾಂಡಕೋಶಗಳಿಗೆ ಒಳ್ಳೆಯದಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಗಾಡಿ ಸಿಕ್ಕಿಕೊಂಡರೆ ಅಷ್ಟೂ ಹೊತ್ತು ಕೋಶಗಳು ಅದರಲ್ಲೇ ನೆನೆಯುತ್ತವೆ. ಹಾಗಾಗಿ ಆಸ್ಪತ್ರೆಯಲ್ಲೇ ಒಮ್ಮೆ ಸ್ಟೆರೈಲ್ ಸಲೈನಿನಲ್ಲಿ ತೊಳೆಸಿ ತನ್ನಿ. ಐಸ್ ಪ್ಯಾಕಿಗೆ ನೇರ ತಾಗಿಸಬೇಡಿ. ಲ್ಯಾಬಿನಲ್ಲಿ ಕೆಳಗಿನ ದ್ರವ ತಿಳಿಯಾಗುವವರೆಗೆ ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರಾವಣದಿಂದ ತೊಳೆಯಿರಿ.

ಆಮೇಲೆ ಕೊಬ್ಬಿನಷ್ಟೇ ಪ್ರಮಾಣದ 0.1% ಕೊಲಾಜಿನೇಸ್ (ಕೋಶಗಳನ್ನು ಹಿಡಿದಿಡುವ ಅಂಗಾಂಶವನ್ನು ಕರಗಿಸುವ ಕಿಣ್ವ) ದ್ರಾವಣ ಹಾಕಿ, 37 ಡಿಗ್ರಿಯಲ್ಲಿ ಅಲುಗಾಡಿಸುತ್ತ 30ರಿಂದ 60 ನಿಮಿಷ ಬಿಡಿ. ಈ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ನಾವು ದಿನವೂ ಬಳಸುವ ಪಿಬಿಎಸ್‌ನಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಅದರಲ್ಲೇ ಕರಗಿಸಿ, ಕಿಣ್ವ ಕೆಟ್ಟಿದೆ ಅಂದುಕೊಂಡು ಹೊತ್ತು ಹೆಚ್ಚಿಸುವವರೇ ಜಾಸ್ತಿ. ಅತಿಯಾದರೆ ಕೋಶಗಳು ಒಡೆದು ಡಿಎನ್‌ಎ ಹೊರಬರುತ್ತದೆ, ಪಿಪೆಟ್ ಎತ್ತಿದರೆ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಆ ಬ್ಯಾಚ್ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಗುರುತ್ವದ 300 ಪಟ್ಟು ಬಲದಲ್ಲಿ (300 ಜಿ) 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಎಣ್ಣೆಯನ್ನು ಮೊದಲು ಹೀರಿ ತೆಗೆಯಿರಿ, ಆಮೇಲೆ ತಳದಲ್ಲಿ ಕುಳಿತ ಕೆಂಪು ಪೆಲೆಟ್ ಉಳಿಸಿಕೊಳ್ಳಿ, ಕಾಂಡಕೋಶಗಳಿರುವುದು ಅದರಲ್ಲೇ. 100 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಫ್ಲಾಸ್ಕಿನಲ್ಲಿ ಬೆಳೆಸಿ.

ಕೋಶಗಳನ್ನು ಉಂಡೆ ಕಟ್ಟಿಸಲು ಬೇಕಾದ್ದು ಕೋಶ ಅಂಟದ, ದುಂಡು ತಳದ 96 ಗುಣಿಯ ಪ್ಲೇಟ್. ಗುಣಿಗೆ 5,000 ಕೋಶಗಳಿಂದ ಶುರುಮಾಡಿ. ದೊಡ್ಡ ಉಂಡೆ ನೋಡಲು ಚೆಂದ, ಆದರೆ ಆಮ್ಲಜನಕ ಒಳಗಿಳಿಯುವುದು 150ರಿಂದ 200 ಮೈಕ್ರಾನ್ ಅಷ್ಟೇ, ಅದರಾಚೆಯ ನಡುಭಾಗ ಸಾಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು 10% ಕಮ್ಮಿ. ಇನ್‌ಕ್ಯುಬೇಟರ್ 5% ಸಿಒ2 ತೋರಿಸಿದರೂ ಮೀಡಿಯಂಗೆ (ಕೋಶ ಬೆಳೆಸುವ ಪೋಷಕ ದ್ರವ) ದಕ್ಕುವುದು ಅದಕ್ಕಿಂತ ಕಮ್ಮಿ, ಪಿಎಚ್ ತುಸು ಏರುತ್ತದೆ. ಆಮ್ಲಜನಕವೂ ಅಷ್ಟೇ ಕಮ್ಮಿ. ಹೊರಗಿನ ಪ್ರೋಟೊಕಾಲಿನ ಅಳತೆಯನ್ನು ಕಣ್ಣುಮುಚ್ಚಿ ತರಬೇಡಿ, ಉಂಡೆ ಕತ್ತರಿಸಿ ನಡುಭಾಗ ನೋಡಿ.

ಇಷ್ಟಾದರೂ ಕೈಯಲ್ಲಿರುವುದು ಸ್ಫೆರಾಯ್ಡ್, ಅಂದರೆ ಕೋಶಗಳ ಉಂಡೆ, ಮಾತ್ರ. ಇನ್ಸುಲಿನ್ ಮಾಡುವ ಆರ್ಗನಾಯ್ಡ್ ಅನ್ನಬೇಕಾದರೆ 2.8 ಮಿಲಿಮೋಲಾರ್ ಗ್ಲೂಕೋಸಿನಲ್ಲಿ ಸುಮ್ಮನಿದ್ದು 16.7ಕ್ಕೆ ಏರಿಸಿದಾಗ ಸ್ರವಿಸಬೇಕು. ಇಲ್ಲಿ ದೊಡ್ಡ ಮೋಸವೊಂದಿದೆ. ಕಾಂಡಕೋಶವನ್ನು ಇನ್ಸುಲಿನ್ ಮಾಡುವ ಕೋಶವಾಗಿ ಬದಲಿಸುವ (ಡಿಫರೆನ್ಸಿಯೇಷನ್) ಮೀಡಿಯಂನಲ್ಲಿ ನಾವೇ ಇನ್ಸುಲಿನ್ ಹಾಕಿರುತ್ತೇವೆ. ಕೋಶಗಳು ಅದನ್ನು ಹೀರಿಕೊಂಡು ಮತ್ತೆ ಬಿಡುತ್ತವೆ. ಎಲೈಸಾ ಪರೀಕ್ಷೆಯಲ್ಲಿ ಇನ್ಸುಲಿನ್ ಕಂಡಿತೆಂದು ಹಿಗ್ಗಬೇಡಿ. ಸಿ-ಪೆಪ್ಟೈಡ್ ಅಳೆಯಿರಿ, ಅದು ಕೋಶ ತಾನೇ ಪ್ರೊಇನ್ಸುಲಿನ್ (ಇನ್ಸುಲಿನ್ನಿನ ಮೂಲರೂಪ) ಮಾಡಿ ಕತ್ತರಿಸಿದಾಗ ಮಾತ್ರ ಬರುತ್ತದೆ. ಹೋಲಿಕೆಗಾಗಿ, ಡಿಫರೆನ್ಸಿಯೇಟ್ ಆಗದ ಅದೇ ದಾನಿಯ ಉಂಡೆಗಳನ್ನೂ ಅದೇ ಮೀಡಿಯಂನಲ್ಲಿ ಒಂದು ದಿನ ಇಟ್ಟು ಪಕ್ಕದಲ್ಲೇ ಪರೀಕ್ಷಿಸಿ.